ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್ ತೆರೆಯುವ ಮುಂಚೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರಕ್ಕಕ್ಷರ ಓದಿ. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ’, ಆಧಾರ್‌ನಲ್ಲಿ ‘ಮಂಜುನಾಥ್ ಕರಿಯಪ್ಪ’ ಅಂತಿದ್ದರೆ ನಮಗೆ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಇಬ್ಬರು. ಅಂಕಪಟ್ಟಿ ತಿದ್ದಿಸಲು ಓದಿದ ಶಾಲೆಯಿಂದ ಪರೀಕ್ಷಾ ಮಂಡಳಿಯವರೆಗೆ ಓಡಾಡಬೇಕು. ಆಧಾರ್ ತಿದ್ದಿಸುವುದೇ ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಸುಮ್ಮನೆ ಕಳೆದುಕೊಳ್ಳಬೇಡಿ.

ನಾಡಕಚೇರಿ ಕೆಲಸ ಪಿಯು ಫಲಿತಾಂಶಕ್ಕೆ ಕಾಯದೆ ಮುಗಿಸಿ. ಅಡ್ಮಿಷನ್ ಶುರುವಾದ ಮೇಲೆ ಇಡೀ ಹೋಬಳಿಯೇ ಅಲ್ಲಿರುತ್ತದೆ. ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ. ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರಿಗೆ ಜಾತಿಗೊಂದು, ಆದಾಯಕ್ಕೊಂದು, ಹೀಗೆ ಎರಡು ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಬರುತ್ತವೆ. 2ಎ, 2ಬಿ, 3ಎ, 3ಬಿಯವರಿಗೆ ಎರಡೂ ಒಂದೇ ಕಾಗದದಲ್ಲಿ. ಆದಾಯ ಪತ್ರದ ಅವಧಿ 5 ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಯ ನಡುವೆ ಮುಗಿದಿರುತ್ತದೆ, ತಾರೀಖು ನೋಡಿಕೊಳ್ಳಿ.

ಆಮೇಲೆ ಇ-ದೃಢೀಕರಣ, ಅಂದರೆ ದಾಖಲೆಗಳು ಅಸಲಿ ಎಂದು ಆನ್‌ಲೈನಿನಲ್ಲಿ ದೃಢಪಡಿಸುವುದು. ಇದಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಮೂಲ ದಾಖಲೆ ಹಿಡಿದು ಕಾಲೇಜಿನ ಇ-ದೃಢೀಕರಣ ಅಧಿಕಾರಿಯ ಹತ್ತಿರ ಹೋಗಬೇಕು. ಅವರು ಯಾರು, ಯಾವ ಕೋಣೆ ಎಂದು ಬೋರ್ಡಿನಲ್ಲಿ ಬರೆದಿರುವುದು ಕಡಿಮೆ, ಆಫೀಸಿನ ಎಸ್‌ಡಿಎಯನ್ನು (ದ್ವಿತೀಯ ದರ್ಜೆ ಸಹಾಯಕರನ್ನು) ಕೇಳಿ. ಟಿಸಿಯನ್ನು ಕಾಲೇಜು ಇಟ್ಟುಕೊಳ್ಳುತ್ತದೆ, ಕೊಡುವ ಮೊದಲೇ ನಾಲ್ಕು ಜೆರಾಕ್ಸ್ ಮಾಡಿಸಿ.

ಸೈಬರ್ ಅಂಗಡಿಯಲ್ಲಿ ನಡೆಯುವ ಒಂದು ಎಡವಟ್ಟು ವರ್ಷವಿಡೀ ಕಾಡುತ್ತದೆ. ಗಡಿಬಿಡಿಯಲ್ಲಿ ಅಂಗಡಿಯವರು ತಮ್ಮದೇ ಮೊಬೈಲ್ ನಂಬರ್ ಹಾಕಿ ಪೋರ್ಟಲ್‌ನಲ್ಲಿ ನಿಮ್ಮ ಖಾತೆ ತೆರೆಯುತ್ತಾರೆ. ಆಮೇಲೆ ಪಾಸ್‌ವರ್ಡ್ ಮರೆತರೆ ಓಟಿಪಿ ಅವರ ಫೋನಿಗೇ. ನಿಮ್ಮ ನಂಬರೇ ಕೊಡಿ, ಅಕನಾಲೆಜ್‌ಮೆಂಟ್ ಪ್ರಿಂಟ್ ತೆಗೆಸದೆ ಏಳಬೇಡಿ.

ಇಷ್ಟೆಲ್ಲ ಆಗಿ, ಮಂಜೂರೂ ಆಗಿ, ದುಡ್ಡು ಬಾರದೆ ಇರುವುದು ಹೆಚ್ಚಾಗಿ ಬ್ಯಾಂಕಿನ ಕಡೆಯಿಂದ. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರಿನಲ್ಲಿ ಹೇಳಿದರೆ ಸಾಲದು. ಖಾತೆಯ ಕೆವೈಸಿಗೆ ಆಧಾರ್ ಕೊಟ್ಟಿರುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕೆಂದು ಆಧಾರ್‌ಗೆ ಜೋಡಿಸುವುದು) ಬೇರೆ. ವಿದ್ಯಾರ್ಥಿವೇತನ ನಡೆಯುವುದು ಎರಡನೆಯದರ ಮೇಲೆ, ಅದೂ ಕೊನೆಯದಾಗಿ ಜೋಡಿಸಿದ ಒಂದೇ ಖಾತೆಗೆ. ಊರಿಗೆ ಬಂದ ಪೋಸ್ಟ್‌ಮ್ಯಾನ್ ಹತ್ತಿರ ಹೆಬ್ಬೆಟ್ಟೊತ್ತಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದಿದ್ದರೆ, ಮ್ಯಾಪಿಂಗ್ ಅಲ್ಲಿಗೆ ಹೋಗಿದ್ದರೂ ಹೋಗಿರಬಹುದು. ಮೈಆಧಾರ್ ತಾಣದ ಬ್ಯಾಂಕ್ ಸೀಡಿಂಗ್ (ಇದೇ ಜೋಡಣೆಯ) ವಿಭಾಗದಲ್ಲಿ ಯಾವ ಬ್ಯಾಂಕು, ಸಕ್ರಿಯವೋ ಅಲ್ಲವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ದುಡ್ಡು ಬಿಡುಗಡೆಯಾಯಿತೇ ಎಂದು ಡಿಬಿಟಿ (ಖಾತೆಗೆ ನೇರ ಹಣ ವರ್ಗಾವಣೆ) ಕರ್ನಾಟಕ ಆ್ಯಪ್ ಹೇಳುತ್ತದೆ. ಎರಡು ವರ್ಷ ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ, ನೂರು ರೂಪಾಯಿ ಹಾಕಿ ತೆಗೆಯುವುದನ್ನು ರೂಢಿಸಿಕೊಳ್ಳಿ.

ಆಫೀಸಿಗೆ ಯಾವ ಮನವಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದಕ್ಕೆ ಟಪಾಲು ವಿಭಾಗದಲ್ಲಿ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ನಾಳೆ ಬಾ’ ಎಂದವರಿಗೆ ಆ ಸೀಲು ತೋರಿಸಿ ‘ಸರ್, ಹತ್ತು ದಿನ ಆಯ್ತು’ ಎಂದರೆ ಫೈಲು ಹುಡುಕುತ್ತಾರೆ. ಮುಂದಿನ ವರ್ಷ ಅರ್ಜಿ ಮತ್ತೆ ಹೊಸದಾಗಿ ಹಾಕಬೇಕು, ಆಗ ಇದೇ ಐಡಿ, ಪಾಸ್‌ವರ್ಡ್ ಬೇಕಾಗುತ್ತವೆ.