ಹರಿಗೋಲಿನಲ್ಲಿ ಕುರುಗಡ್ಡೆಗೆ

ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾದರೆ ರಾಯಚೂರು ತಾಲ್ಲೂಕಿನ ನಡುಗಡ್ಡೆಗಳ ಜನ ಆಕಾಶ ನೋಡುವುದಿಲ್ಲ, ಸುದ್ದಿ ಕೇಳುತ್ತಾರೆ. ಆಲಮಟ್ಟಿ ತುಂಬಿತೇ? ನಾರಾಯಣಪುರದಲ್ಲಿ ಎಷ್ಟು ಗೇಟು ಎತ್ತಿದರು? ಕ್ಯುಸೆಕ್ ಲೆಕ್ಕ ಲಕ್ಷಗಳಿಗೆ ಏರಿತೆಂದರೆ ದಂಡೆಗೂ ಗಡ್ಡೆಗೂ ನಂಟು ಕಡಿಯಿತೆಂದೇ ಅರ್ಥ. ಕೃಷ್ಣೆಯ ಇಂಥ ಗಡ್ಡೆಗಳಲ್ಲಿ ಒಂದು ಕುರವಪುರ, ಜನರ ಬಾಯಲ್ಲಿ ಕುರುಗಡ್ಡೆ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರು ಹುಟ್ಟಿದ್ದು ಆಂಧ್ರದ ಪೀಠಾಪುರದಲ್ಲಿ. ಊರೂರು ತಿರುಗಿ ನೆಲೆ ನಿಂತದ್ದು ಇಲ್ಲಿ, ಅದೃಶ್ಯರಾದದ್ದು ಇಲ್ಲಿಯ ಹೊಳೆಯಲ್ಲಿ. ಆಶ್ವಯುಜ ಬಹುಳ ದ್ವಾದಶಿಯನ್ನು ಅದಕ್ಕಾಗಿಯೇ ಗುರುದ್ವಾದಶಿ ಎಂದು ಆಚರಿಸುತ್ತಾರೆ.

ಆ ದಿನದ ಜಂಗುಳಿ ಬೇಡವೆಂದು ನಾವು ಮೊದಲೇ ಹೊರಟೆವು. ನಾವು ಎಂದರೆ ಚಿಕ್ಕಮ್ಮ ಮತ್ತು ನಾನು. ಅವಳಿಗೆ ಹೈದರಾಬಾದಿನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಅದಕ್ಕೆ ಮುನ್ನ ಗುರುಗಳ ಪಾದುಕೆ ನೋಡಿಬರಬೇಕೆಂದು ಹಟ ಹಿಡಿದಳು. ವೈದ್ಯರು ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ ಎಂದಿದ್ದರು. ಹೊಳೆ ದಾಟಬೇಡಿ ಎಂದಿರಲಿಲ್ಲ ಎಂಬುದು ಅವಳ ವಾದ. ಇಂಥ ವಾದಕ್ಕೆ ವಕೀಲರೇ ಸೋಲುತ್ತಾರೆ, ನಾನು ಯಾವ ಗಿಡದ ತಪ್ಪಲು!

ರಾಯಚೂರಿನಿಂದ ಆತ್ಕೂರಿನವರೆಗಿನ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಹತ್ತಿ, ತೊಗರಿ, ನಡುನಡುವೆ ಬಂಡೆಗಳ ಗುಡ್ಡ, ಬಸ್ಸಿನ ತುಂಬ ಧೂಳು. ಚಿಕ್ಕಮ್ಮ ಕೈಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಅದರಲ್ಲಿ ಒಂದು ತೆಂಗಿನಕಾಯಿ, ಊದಿನಕಡ್ಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆಸ್ಪತ್ರೆಯ ಕಡತ. ಕಡತ ಏಕೆಂದು ಕೇಳಿದರೆ, "ಗುರುಗಳೂ ಒಮ್ಮೆ ನೋಡಲಿ" ಎಂದಳು.

ದಂಡೆಗೆ ಹೋದಾಗ ಹೊಳೆ ಇಳಿದಿತ್ತು, ಆದರೆ ಬಣ್ಣ ಇನ್ನೂ ತಿಳಿಯಾಗಿರಲಿಲ್ಲ. ಕೆಮ್ಮಣ್ಣಿನ ನೀರು, ಅದರಲ್ಲಿ ತೇಲಿಬರುವ ಜಾಲಿಯ ಟೊಂಗೆ. ನನಗೆ ಈಜು ಬಾರದು. ಹರಿಗೋಲನ್ನು ಹತ್ತಿರದಿಂದ ನೋಡಿದ ಮೇಲಂತೂ ಇದ್ದ ಧೈರ್ಯವೂ ಹೋಯಿತು. ಬಿದಿರಿನ ದಬ್ಬೆಗಳನ್ನು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿದ್ದಾರೆ, ಅಷ್ಟೇ. ಹಿಂದೆ ಹಾಳೆಯ ಜಾಗದಲ್ಲಿ ಚರ್ಮ ಇರುತ್ತಿತ್ತಂತೆ. ಒಂದು ಕಡೆ ಡಾಂಬರು ಬಿಸಿಲಿಗೆ ಸೀಳಿ, ಅಲ್ಲಿಂದ ಸಣ್ಣಗೆ ನೀರು ಒಸರುತ್ತಿತ್ತು. ಅಂಬಿಗ ಅದರ ಮೇಲೆ ಒಂದು ಗೋಣಿಚೀಲ ಮಡಚಿಟ್ಟು, "ಅಮ್ಮಾ, ನೀವು ನಟ್ಟನಡುವೆ ಕುಳಿತುಕೊಳ್ಳಿ" ಎಂದ. ನನಗೆ ಗೋಣಿಚೀಲವೇ ಜಾಗ.

ಹರಿಗೋಲಿಗೆ ಮುಂದು ಹಿಂದು ಇಲ್ಲ. ಸೆಳವಿಗೆ ಸಿಕ್ಕೊಡನೆ ಅದು ಬುಗುರಿಯಂತೆ ಮೆಲ್ಲಗೆ ತಿರುಗತೊಡಗಿತು. ಗಡ್ಡೆ ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ. ಅಂಬಿಗ ಹುಟ್ಟನ್ನು ನೇರ ಗಡ್ಡೆಯ ಕಡೆಗೆ ಹಾಕಲಿಲ್ಲ. ಮೊದಲು ದಂಡೆಗುಂಟ ಮೇಲಕ್ಕೆ ಒಯ್ದು, ಆಮೇಲೆ ಹೊಳೆಯೇ ನಮ್ಮನ್ನು ಕೆಳಕ್ಕೆ ತಳ್ಳುವಂತೆ ಬಿಟ್ಟ. ನೀರಿನ ಬಲವನ್ನು ಎದುರಿಸದೆ ಬಳಸಿಕೊಳ್ಳುವ ಕಸುಬು ಅದು. ಆಗ ನನಗೆ ಅದನ್ನು ಮೆಚ್ಚುವ ಸ್ಥಿತಿ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ಇದೇ ಹೊಳೆಯಲ್ಲಿ, ತೆಲಂಗಾಣ ದಂಡೆಯ ಪಂಚದೇವ ಪಹಾಡ್ ಕಡೆಯಿಂದ ಕುರ್ವಕಲಾ ಎಂಬ ಇನ್ನೊಂದು ನಡುಗಡ್ಡೆಗೆ ಮರಳುತ್ತಿದ್ದವರ ತೆಪ್ಪ ಮಗುಚಿ ಹೆಣ್ಣುಮಕ್ಕಳೂ ಮಗುವೂ ಕೊಚ್ಚಿಹೋದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರೂ ಹತ್ತುವ ಮೊದಲು ನೀರಿಗೆ ಕೈಮುಗಿದೇ ಇರುತ್ತಾರೆ. ಚಿಕ್ಕಮ್ಮ ಕಣ್ಣುಮುಚ್ಚಿ "ದಿಗಂಬರಾ ದಿಗಂಬರಾ" ಎನ್ನುತ್ತಿದ್ದರೆ, ಕೊಚ್ಚಿಹೋದವರನ್ನು ಕಾಯಲು ಯಾರಿಗೆ ಏನು ಅಡ್ಡ ಬಂದಿತ್ತು ಎಂದು ನನ್ನ ತಲೆ ಕೇಳುತ್ತಿತ್ತು. ಅದನ್ನು ಹೃದ್ರೋಗಿಯ ಮುಂದೆ ಬಾಯಿಬಿಟ್ಟು ಕೇಳಲು ಆಗದು.

ಗಡ್ಡೆಯ ಮೇಲೆ ಕನ್ನಡಕ್ಕಿಂತ ಮರಾಠಿಯೇ ಹೆಚ್ಚು ಕೇಳಿಸಿತು. ದೂರದಿಂದ ಬಂದು ಗುರುಚರಿತ್ರೆಯ ಪಾರಾಯಣಕ್ಕೆ ಕುಳಿತವರು ಅವರು. ದೇಗುಲದಲ್ಲಿ ಪಾದುಕೆಗಳ ದರ್ಶನವಾಯಿತು. ಹಳೆಯ ಆಲದ ಮರವನ್ನೂ ದತ್ತಭಕ್ತ ಸನ್ಯಾಸಿ ಟೆಂಬೆ ಸ್ವಾಮಿಗಳ ಗುಹೆಯನ್ನೂ ನೋಡಿದೆವು. ವಾಸುದೇವಾನಂದ ಸರಸ್ವತಿ ಎಂಬುದು ಅವರ ಆಶ್ರಮನಾಮ. 1911ರ ಚಾತುರ್ಮಾಸ್ಯವನ್ನು ಅವರು ಇಲ್ಲಿ ಕಳೆದರು. ಘೋರ ಕಷ್ಟದಿಂದ ನಮ್ಮನ್ನು ಎತ್ತು ಎಂದು ಬೇಡುವ ಅವರ ಸ್ತೋತ್ರ ರಚನೆಯಾದದ್ದೂ ಇಲ್ಲಿಯೇ. ಗುಹೆ ಎಂದರೆ ದೊಡ್ಡದೇನಲ್ಲ, ತಲೆ ತಗ್ಗಿಸಿ ಹೋಗಬೇಕು. ಒಳಗೆ ಚಿಕ್ಕಮ್ಮ ಕಡತವನ್ನು ಹೊರತೆಗೆದು ಒಂದು ಕ್ಷಣ ನೆಲಕ್ಕಿಟ್ಟು ಮತ್ತೆ ಚೀಲಕ್ಕೆ ಹಾಕಿದಳು. ಪಕ್ಕದಲ್ಲಿದ್ದವರು ಯಾರೂ ವಿಚಿತ್ರವಾಗಿ ನೋಡಲಿಲ್ಲ. ಇಲ್ಲಿಗೆ ಬರುವವರ ಚೀಲದಲ್ಲೆಲ್ಲ ಇಂಥದ್ದೊಂದು ಕಾಗದ ಇರುತ್ತದೇನೋ.

ಊಟವಾದ ಮೇಲೆ ಆಲದ ನೆರಳಿನಲ್ಲಿ ಕುಳಿತಾಗ ಅವಳಿಂದ ವಲ್ಲಭೇಶನ ಕಥೆ ಹೇಳಿಸಿದೆ. ಚಿಕ್ಕಂದಿನಲ್ಲಿ ಕೇಳಿದ್ದೆ, ಮರೆತಿತ್ತು. ವಲ್ಲಭೇಶನೆಂಬ ಬ್ರಾಹ್ಮಣ ವ್ಯಾಪಾರಿ ಲಾಭವಾದರೆ ಕುರವಪುರದಲ್ಲಿ ಸಾವಿರ ಜನರಿಗೆ ಊಟ ಹಾಕುತ್ತೇನೆಂದು ಹರಕೆ ಹೊರುತ್ತಾನೆ. ಗುರುಗಳು ಅಷ್ಟರಲ್ಲಾಗಲೇ ಅದೃಶ್ಯರಾಗಿದ್ದಾರೆ. ಲಾಭವಾಗುತ್ತದೆ. ಹಣದ ಗಂಟು ಹೊತ್ತು ಹೊರಟವನಿಗೆ ಯಾತ್ರಿಕರ ವೇಷದ ಕಳ್ಳರು ಜೊತೆಯಾಗಿ, ರಾತ್ರಿ ಅವನ ತಲೆ ಕಡಿಯುತ್ತಾರೆ. ಆಗ ಜಟಾಧಾರಿಯೊಬ್ಬ ತ್ರಿಶೂಲ ಹಿಡಿದು ಪ್ರತ್ಯಕ್ಷನಾಗಿ ಕಳ್ಳರನ್ನು ಕೊಲ್ಲುತ್ತಾನೆ. ಒಬ್ಬ ಮಾತ್ರ ಕಾಲಿಗೆ ಬಿದ್ದು, ಇವರು ಕಳ್ಳರೆಂದು ತಿಳಿಯದೆ ಜೊತೆ ಬಂದೆ ಎನ್ನುತ್ತಾನೆ. ಅವನ ಕೈಗೆ ಭಸ್ಮ ಕೊಟ್ಟು ರುಂಡವನ್ನು ಮುಂಡಕ್ಕೆ ಸೇರಿಸಲು ಹೇಳಿ ಗುರು ಮರೆಯಾಗುತ್ತಾರೆ. ವಲ್ಲಭೇಶ ಬೆಳಗ್ಗೆ ನಿದ್ದೆಯಿಂದೆದ್ದವನಂತೆ ಎದ್ದು, ಉಳಿದವರೆಲ್ಲಿ ಎಂದು ಕೇಳುತ್ತಾನೆ.

"ಕಾಪಾಡುವವರು ಕತ್ತಿ ಬೀಳುವ ಮೊದಲೇ ಬರಬಹುದಿತ್ತಲ್ಲ, ಚಿಕ್ಕಮ್ಮ?" ಎಂದೆ. ಹೊಳೆಯ ನಡುವೆ ನುಂಗಿಕೊಂಡಿದ್ದ ಪ್ರಶ್ನೆ ಹೀಗೆ ಬಳಸುದಾರಿಯಲ್ಲಿ ಹೊರಬಂತು.

"ಬರಬಹುದಿತ್ತು. ಬರಲಿಲ್ಲ" ಎಂದಳು ಅವಳು, ತರಕಾರಿಯವನ ಬಗ್ಗೆ ಮಾತನಾಡುವಷ್ಟೇ ಸಲೀಸಾಗಿ. "ಕಥೆಯಲ್ಲಿ ಅವನಿಗೆ ಏನೂ ಆಗಲಿಲ್ಲ ಎಂದು ಎಲ್ಲಿದೆ? ತಲೆಯೇ ಹೋಯಿತಲ್ಲ! ನನಗೂ ಎದೆ ಸೀಳುತ್ತಾರೆ, ಅದು ತಪ್ಪುವುದಿಲ್ಲ. ತಪ್ಪಿಸು ಎಂದು ನಾನು ಕೇಳಿಯೂ ಇಲ್ಲ."

"ಮತ್ತೆ ಏನು ಕೇಳಿದೆ?"

"ಜೊತೆಗಿರು ಎಂದೆ."

ನೀರಿನಲ್ಲಿ ಹೋದವರ ಜೊತೆಗೆ ಯಾರಿದ್ದರು ಎಂಬ ನನ್ನ ಪ್ರಶ್ನೆಗೆ ಇದು ಉತ್ತರವಲ್ಲ. ಅವಳೂ ಉತ್ತರವೆಂದು ಹೇಳಲಿಲ್ಲ. ಆದರೆ ಕಥೆಯ ಒಂದು ಸಂಗತಿ ಅಂದು ಮಧ್ಯಾಹ್ನವೆಲ್ಲ ನನ್ನನ್ನು ಬಿಡಲಿಲ್ಲ. ಗುರುವನ್ನು ಕಣ್ಣಾರೆ ಕಂಡವನು ಹರಕೆ ಹೊತ್ತ ಭಕ್ತನಲ್ಲ, ಕಳ್ಳರ ಗುಂಪಿನಲ್ಲಿ ನಿಂತಿದ್ದವನು. ಬದುಕಿ ಎದ್ದ ವಲ್ಲಭೇಶ ಏನನ್ನೂ ಕಾಣಲಿಲ್ಲ. ಇನ್ನೊಬ್ಬ ಹೇಳಿದಾಗಲೇ ಅವನಿಗೆ ತಿಳಿದದ್ದು. ತನ್ನನ್ನು ಕಾದವನನ್ನು ತಾನೇ ನೋಡದೆ ಹೋದೆನಲ್ಲ ಎಂದು ಅವನು ಹಲುಬುತ್ತಾನಂತೆ. ಚಿಕ್ಕಮ್ಮನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ಅರಿವಳಿಕೆ ಕೊಟ್ಟ ಮೇಲೆ ನನಗೂ ಏನೂ ಕಾಣುವುದಿಲ್ಲ, ಎದ್ದ ಮೇಲೆ ನೀವೇ ಹೇಳಬೇಕು" ಎಂದಳು.

ಮರಳುವಾಗ ಗಾಳಿ ಎದ್ದಿತ್ತು. ಅಂಬಿಗ ಈ ಸಲ ಐದು ಜನರಿಗಿಂತ ಹೆಚ್ಚು ಹತ್ತಿಸಲಿಲ್ಲ. ಕೂಲಿ ಕಡಿಮೆಯಾಗುತ್ತದಲ್ಲ ಎಂದು ಯಾರೋ ತಮಾಷೆ ಮಾಡಿದರೆ ನಗಲೂ ಇಲ್ಲ. ಗೋಣಿಚೀಲ ನೆನೆದು ತೊಪ್ಪೆಯಾಗಿತ್ತು. ನಾನು ಪ್ಲಾಸ್ಟಿಕ್ ಚೊಂಬಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತ ಕುಳಿತೆ. ಭಯ ಹೋಗಿರಲಿಲ್ಲ, ಕೈಗೊಂದು ಕೆಲಸ ಸಿಕ್ಕಿತ್ತು.

ಬಸ್ಸು ಹೊರಟ ಮೇಲೆ ಚಿಕ್ಕಮ್ಮ ನನ್ನ ಮೊಬೈಲ್ ಇಸಿದುಕೊಂಡು ಮಗಳಿಗೆ ಕರೆ ಮಾಡಿದಳು. ದರ್ಶನದ ಸುದ್ದಿ ಎರಡೇ ಮಾತಿನಲ್ಲಿ ಮುಗಿಯಿತು. ಆಮೇಲೆ ರಕ್ತ ಕೊಡುವವರ ವಿಷಯ. ಆಸ್ಪತ್ರೆಯವರು ಕೇಳಿದಷ್ಟು ಜನ ಇನ್ನೂ ಸಿಕ್ಕಿಲ್ಲವೆಂದು ಆ ಕಡೆಯಿಂದ ಅಳುದನಿ. "ಅದಕ್ಕೇಕೆ ಗಾಬರಿ? ಒಬ್ಬ ಇಲ್ಲೇ ನನ್ನ ಪಕ್ಕದಲ್ಲಿ ಕುಳಿತಿದ್ದಾನೆ, ಬರೆದುಕೋ" ಎಂದು ಹೇಳಿ, ನನ್ನ ಕಡೆ ತಿರುಗಿ ನನ್ನ ರಕ್ತದ ಗುಂಪು ಯಾವುದೆಂದು ಕೇಳಿದಳು.