ಜೋಗಿಮಟ್ಟಿಯ ತುರಚಿ ಬಳ್ಳಿ

ಮಳೆ ಹಿಂದೆ ಸರಿದರೂ ಹುಲ್ಲಿನ ಹಸಿರು ಮಾಸದಿದ್ದ ಕಾರ್ತಿಕದ ಒಂದು ಬೆಳಗ್ಗೆ ಗೆಳೆಯನೊಡನೆ ದಾವಣಗೆರೆಯಿಂದ ಹೊರಟು ಚಿತ್ರದುರ್ಗದ ಜೋಗಿಮಟ್ಟಿಯ ತಪ್ಪಲು ಸೇರಿದೆ. ದಾರಿಯುದ್ದಕ್ಕೂ ಶೇಂಗಾ ಹೊಲಗಳ ಬದುವಿನಲ್ಲಿ ಔಡಲ, ಬಂಡೆಗಳ ಸಂದಿನಲ್ಲಿ ಕಳ್ಳಿ. ಎರಡೂ ಯೂಫೋರ್ಬಿಯೇಸಿ ಕುಟುಂಬದವು. ನಾವು ನೋಡಬೇಕೆಂದು ಬಂದದ್ದು ಅದೇ ಕುಟುಂಬದ ಬಳ್ಳಿಗಳನ್ನು.

ಹುಡುಕುವ ಶ್ರಮವನ್ನು ಬಳ್ಳಿಯೇ ತಪ್ಪಿಸಿತು. ಪೊದೆಯೊಂದಕ್ಕೆ ಹಬ್ಬಿದ್ದ ಗರಗಸದಂಚಿನ ಎಲೆ ಮುಂಗೈಗೆ ಸವರಿದ್ದೇ ತಡ, ಚುರುಚುರು ಉರಿ ಹತ್ತಿತು. ಹತ್ತಿರದಲ್ಲಿ ಆಡು ಮೇಯಿಸುತ್ತಿದ್ದ ಅಜ್ಜ, "ತುರಚಿ ಅದು, ಕೆರ್ಕೊಬ್ಯಾಡ್ರಿ ಸಾರ್" ಎಂದರು. ಇದರ ರೋಮದ ತುದಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳಿದ್ದು, ಅದು ಚರ್ಮವನ್ನು ಚುಚ್ಚುತ್ತದೆ. ಉರಿಯನ್ನಷ್ಟೇ ನಂಬಿದರೆ ಇದನ್ನು ಅರ್ಟಿಕೇಸಿ ಕುಟುಂಬದ ಚುಚ್ಚುಗಿಡಗಳ ಜೊತೆ ಸೇರಿಸಬೇಕಾಗುತ್ತದೆ. ಕರವಸ್ತ್ರ ಸುತ್ತಿ ಕಾಂಡ ಮುರಿದರೆ ಕಳ್ಳಿಯ ಹಾಲೂ ಇಲ್ಲ. ನಂಟು ತಿಳಿಸಿದ್ದು ಕಾಯಿ. ಮಸೂರದಡಿ ಹಿಡಿದಾಗ ಔಡಲದ ಕಾಯಿಯಂತೆಯೇ ಮೂರು ಹೋಳು, ಹೋಳಿಗೊಂದು ಬೀಜ, ಸುತ್ತಲೂ ಬಾಚಣಿಗೆಯಂತೆ ಸೀಳಿದ ರೋಮಭರಿತ ಪುಷ್ಪಪತ್ರಗಳು. ಅದೇ ಗೊಂಚಲಿನ ಮೇಲ್ಭಾಗದಲ್ಲಿ ಸಾಸಿವೆಗಿಂತ ಚಿಕ್ಕ ಗಂಡು ಹೂಗಳು. ಔಡಲವಿರುವ ಅಕಾಲಿಫಾಯ್ಡಿ ಉಪಕುಟುಂಬದಲ್ಲಿಯೇ ಇದರ ಸ್ಥಾನ.

ಇದು ಟ್ರೇಜಿಯ ಇನ್ವೊಲುಕ್ರೇಟ. ಟ್ರೇಜಿಯ ಎಂಬ ಜಾತಿಯ ಹೆಸರು ಜರ್ಮನಿಯ 16ನೆಯ ಶತಮಾನದ ಸಸ್ಯವಿಜ್ಞಾನಿ ಹಿರೋನಿಮಸ್ ಬಾಕ್ ಅವರ ನೆನಪಿನದು. ಬಾಕ್ ಎಂದರೆ ಜರ್ಮನ್ ಭಾಷೆಯಲ್ಲಿ ಹೋತ, ಗ್ರೀಕಿನಲ್ಲಿ ಅದೇ ಟ್ರಾಗೋಸ್. ಅಜ್ಜನ ಹೋತವಾದರೋ ಈ ಬಳ್ಳಿಯನ್ನು ಮೂಸಿಯೂ ನೋಡದೆ ಮುಂದೆ ಹೋಗಿತ್ತು.

ಅಮೆರಿಕದ ಸಸ್ಯವಿಜ್ಞಾನಿ ಗ್ರೇಡಿ ವೆಬ್‌ಸ್ಟರ್ 1994ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಟ್ರೇಜಿಯ, ಪ್ಲುಕೆನೆಷಿಯ ಮತ್ತು ಡಾಲಿಚಾಂಪಿಯ ಜಾತಿಗಳು ಒಂದೇ ಬುಡಕಟ್ಟಿನ, ಅಂದರೆ ಉಪಕುಟುಂಬದೊಳಗಿನ ಒಂದೇ ಗುಂಪಿನ, ಮೂರು ಕವಲುಗಳಲ್ಲಿವೆ. ಬಹುಪಾಲು ಅಮೆರಿಕ ಖಂಡದ ಉಷ್ಣವಲಯದ್ದಾದ ಡಾಲಿಚಾಂಪಿಯದಲ್ಲಿ ಎಲೆಯಂಥ ಎರಡು ದೊಡ್ಡ ಪತ್ರಕಗಳು ಪುಟ್ಟ ಹೂಗಳ ಗುಂಪನ್ನು ಅಪ್ಪಿಕೊಂಡು ಒಂದೇ ಹೂವಿನಂತೆ ತೋರಿಸುತ್ತವೆ. ಅದರ ಅನೇಕ ಪ್ರಭೇದಗಳು ಸೂಸುವ ರಾಳವನ್ನು ಜೇನುಜಾತಿಯ ಹುಳಗಳು ಗೂಡು ಕಟ್ಟಲು ಒಯ್ಯುತ್ತವೆ. ಡಿಎನ್‌ಎ ಪರೀಕ್ಷೆಯಲ್ಲಿ ಡಾಲಿಚಾಂಪಿಯ ಒಂದೇ ವಂಶವಾಗಿ ನಿಂತರೆ ಟ್ರೇಜಿಯ ಹಾಗೆ ನಿಲ್ಲದು; ಅದರ ಪ್ರಭೇದಗಳು ಬೇರೆ ಬೇರೆ ಕವಲುಗಳಿಗೆ ಚದುರುತ್ತವೆ. ಉರಿಯ ಗುರುತೂ ಸೇರಿ ಕಟ್ಟಿದ ಗಂಟು ಸಡಿಲವಾದದ್ದು ನನಗಂತೂ ಆಶ್ಚರ್ಯ ತರಲಿಲ್ಲ.

ಇಳಿಯುವಾಗ ಮೂರು ಸೀಳಿನ ಎಲೆಯ ಇನ್ನೊಂದು ಬಳ್ಳಿ ಸಿಕ್ಕಿತು. ಗಾಂಜಾ ಎಲೆಯನ್ನು ಹೋಲುವ ಇದರ ಹಳೆಯ ಹೆಸರು ಟ್ರೇಜಿಯ ಕ್ಯಾನಬಿನ; 1983ರಿಂದ ಟ್ರೇಜಿಯ ಪ್ಲುಕೆನೆಟೀ. ಅಜ್ಜನನ್ನು ಕೇಳಿದೆವು. ಅವರು ದೂರದಿಂದಲೇ ನೋಡಿ, "ಅದೂ ತುರಚಿನೇ" ಎಂದರು.