ಪಿಕಪ್ ಇಲ್ಲ ಅಂದ್ರೆ ಟರ್ಬೊ ಹೋಗಿದೆ ಅಂತಲ್ಲ, ಮೊದಲು ಹೋಸ್ ನೋಡಿ

ಡೀಸೆಲ್ ಗಾಡಿಗೆ ಪಿಕಪ್ ಇಲ್ಲ ಅಂದ ತಕ್ಷಣ ಟರ್ಬೊ (ಇಂಜಿನ್‌ಗೆ ಗಾಳಿನ ಒತ್ತಿ ತುಂಬೋ ಭಾಗ) ಬದಲಾಯಿಸ್ಬೇಕು ಅನ್ನೋರು ಜಾಸ್ತಿ ಆಗಿದಾರೆ, ಅದಕ್ಕೇ ಇದನ್ನ ಬರೀತಿದೀನಿ. ನಮ್ದು ಬಿಎಸ್-4 ಕಾಲದ ಸಣ್ಣ ಡೀಸೆಲ್ ಕಾರು. ಆಕ್ಸಿಲರೇಟರ್ ತುಳಿದ್ರೆ ಒಂದೆರಡು ಸೆಕೆಂಡ್ ಏನೂ ಆಗಲ್ಲ, ಆಮೇಲೆ ನಿಧಾನಕ್ಕೆ ಎಳೆಯೋಕೆ ಶುರು ಮಾಡೋದು. ಹಾಸನ ಊರೊಳಗೆ ಓಡಿಸೋವಾಗ ಹೆಂಗೋ ನಡೀತಿತ್ತು, ಆದ್ರೆ ಶಿರಾಡಿ ಘಾಟಲ್ಲಿ ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಹತ್ತುವಾಗ ಮುಂದೆ ಗ್ಯಾಸ್ ಟ್ಯಾಂಕರ್ ಇರುತ್ತೆ, ಓವರ್‌ಟೇಕ್ ಮಾಡೋಣ ಅಂತ ಬಲಕ್ಕೆ ತಗೊಂಡು ತುಳಿದ್ರೆ ಗಾಡಿ ಏಳೋದೇ ಇಲ್ಲ, ಎದುರುಗಡೆ ತಿರುವಲ್ಲಿ ಬಸ್ಸು ಇಳೀತಿರುತ್ತೆ, ಜೀವ ಬಾಯಿಗೆ ಬರುತ್ತೆ. ಆದ್ದರಿಂದ ಇದು ಮೈಲೇಜ್ ಕಮ್ಮಿ ಆಯ್ತು ಅನ್ನೋ ಥರದ ಕಂಪ್ಲೇಂಟ್ ಅಲ್ಲ, ಮುಂದೂಡಬೇಡಿ.

ಮೊದ್ಲು ನೋಡಬೇಕಾಗಿದ್ದು ಆರ್‌ಪಿಎಂ ಮುಳ್ಳು. ನಾಲ್ಕನೇ ಗೇರಲ್ಲಿ ತುಳಿದಾಗ ಮುಳ್ಳು ಸರ್ರಂತ ಮೇಲೆ ಹೋಗಿ ಸ್ಪೀಡ್ ಮಾತ್ರ ಏರಲಿಲ್ಲ ಅಂದ್ರೆ ಕ್ಲಚ್ ಪ್ಲೇಟ್ ಸವೆದು ಜಾರ್ತಿದೆ, ಇಂಜಿನ್ ತಂಟೆಗೆ ಹೋಗೋದೇ ಬೇಡ. ಮುಳ್ಳೇ ಏಳೋಕೆ ತಡ ಮಾಡ್ತಿದ್ರೆ ಇಂಜಿನ್‌ಗೆ ಗಾಳಿನೋ ಡೀಸೆಲ್ಲೋ ಸರಿಯಾಗಿ ಸಿಗ್ತಿಲ್ಲ ಅಂತ. 1800-2000 ಆರ್‌ಪಿಎಂ ಕೆಳಗೆ ಸ್ವಲ್ಪ ಮಂಕಾಗಿರೋದು ಇಂಥ ಸಣ್ಣ ಟರ್ಬೊ ಡೀಸೆಲ್‌ಗಳಲ್ಲಿ ಮಾಮೂಲು, ಅದನ್ನ ಕಾಯಿಲೆ ಅನ್ಕೋಬೇಡಿ. ನಮ್ದು 2500 ದಾಟಿದ್ರೂ ಎಳೀತಿರ್ಲಿಲ್ಲ, ಜೊತೆಗೆ ಹಿಂದೆ ಕಪ್ಪು ಹೊಗೆ, ತುಳಿದಾಗ ಬಾನೆಟ್ ಒಳಗಿಂದ ಸುಸ್ಸ್ ಅನ್ನೋ ಸದ್ದು.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸದು ಹಾಕಿಸಿದೆ, ವ್ಯತ್ಯಾಸ ಕಾಣಲಿಲ್ಲ. ಒಂದು ಗ್ಯಾರೇಜಲ್ಲಿ ಟರ್ಬೊ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ, "ನೋಡಿ ಸಾರ್, ಆಯಿಲ್ ಬರ್ತಿದೆ, ಟರ್ಬೊ ಸೀಲ್ ಹೋಗಿದೆ" ಅಂದ್ರು. ಆದ್ರೆ ಆ ಪೈಪಲ್ಲಿ ತೆಳ್ಳಗೆ ಆಯಿಲ್ ಇರೋದು ಸಹಜ, ಇಂಜಿನ್ ಬ್ರೀದರ್ ಗಾಳಿ, ಅಂದ್ರೆ ಇಂಜಿನ್ ಒಳಗಿಂದ ಹೊರಬರೋ ಗಾಳಿ, ಅದೇ ದಾರೀಲಿ ಹೋಗುತ್ತಲ್ಲ, ಅದರ ಜೊತೆ ಆಯಿಲ್ ಆವಿನೂ ಬರುತ್ತೆ. ಟರ್ಬೊ ನಿಜವಾಗ್ಲೂ ಹೋಗಿದ್ಯಾ ಅಂತ ನೋಡ್ಬೇಕಂದ್ರೆ ಇಂಜಿನ್ ತಣ್ಣಗಿದ್ದಾಗ ಒಳಗಿನ ಫ್ಯಾನ್ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಚೂರು ಆಡಿದ್ರೆ ಪರವಾಗಿಲ್ಲ, ಹಿಂದೆ ಮುಂದೆ ಆಡಬಾರ್ದು, ರೆಕ್ಕೆ ಸುತ್ತಲಿನ ಗೋಡೆಗೆ ತಾಗಿ ಉಜ್ಜಿದ ಗುರುತು ಇರಬಾರ್ದು. ನಮ್ದು ಕ್ಲೀನಾಗಿತ್ತು.

ಆಮೇಲೆ ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಇಂಜಿನ್ ಮಾಹಿತಿ ಓದೋ ಸಾಕೆಟ್) ಬ್ಲೂಟೂತ್ ಡಾಂಗಲ್ ಚುಚ್ಚಿ ಮೊಬೈಲಲ್ಲಿ ಮ್ಯಾನಿಫೋಲ್ಡ್ ಪ್ರೆಶರ್, ಅಂದ್ರೆ ಇಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ, ನೋಡ್ದೆ. ಇದು ಎಲ್ರೂ ಮಾಡಬೋದಾದ ಕೆಲಸ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದ್ರೆ ಅದು ಹೊರಗಿನ ಗಾಳಿಯ ಒತ್ತಡನೇ ತೋರಿಸ್ಬೇಕು, ಮಂಗಳೂರಲ್ಲಾದ್ರೆ 100 ಕಿಲೋಪಾಸ್ಕಲ್ ಆಸುಪಾಸು, ಹಾಸನ, ಬೆಂಗಳೂರಿನಂಥ ಎತ್ತರದ ಜಾಗದಲ್ಲಿ 90ರ ಹತ್ರ. ಅಷ್ಟು ಬಂದ್ರೆ ಸೆನ್ಸರ್ ಸುಳ್ಳು ಹೇಳ್ತಿಲ್ಲ ಅಂತ ಒಂದು ಧೈರ್ಯ. ಪಕ್ಕದಲ್ಲಿ ತಮ್ಮನ್ನ ಕೂರಿಸ್ಕೊಂಡು ಖಾಲಿ ರೋಡಲ್ಲಿ ಫುಲ್ ತುಳಿದ್ರೆ, ಅವನು ನೋಡ್ತಾನೇ ಇದಾನೆ, ಪ್ರೆಶರ್ 140 ದಾಟ್ಲಿಲ್ಲ. ಮೊಬೈಲಲ್ಲಿ ಬಂದ ಎರರ್ ಕೋಡ್ ಪಿ0299, ಅಂದ್ರೆ ಟರ್ಬೊ ಒತ್ತಡ ಬೇಕಾದಷ್ಟು ಬರ್ತಿಲ್ಲ ಅಂತ. ಹುಷಾರು, ಕೋಡ್ ಹೇಳಿದ್ದು ಅಷ್ಟೇ, ಟರ್ಬೊ ಬದಲಾಯಿಸು ಅಂತ ಅದು ಹೇಳಿಲ್ಲ.

ಇಲ್ಲಿಗೆ ನಂಗೆ ದಾರಿ ಸಿಕ್ತು. ಏರ್ ಫಿಲ್ಟರ್ ಹತ್ರದ ಸೆನ್ಸರ್ ಇಷ್ಟು ಗಾಳಿ ಒಳಗೆ ಹೋಯ್ತು ಅಂತ ಲೆಕ್ಕ ಕೊಡುತ್ತೆ, ಇಸಿಯು (ಇಂಜಿನ್ ಕಂಪ್ಯೂಟರ್) ಆ ಲೆಕ್ಕ ನಂಬಿ ಡೀಸೆಲ್ ಬಿಡುತ್ತೆ, ಆದ್ರೆ ಮಧ್ಯದಲ್ಲೆಲ್ಲೋ ಗಾಳಿ ಸೋರಿ ಹೋದ್ರೆ ಡೀಸೆಲ್ ಜಾಸ್ತಿ ಗಾಳಿ ಕಮ್ಮಿ, ಅದಕ್ಕೇ ಕಪ್ಪು ಹೊಗೆ. ಐಡಲಲ್ಲಿ ಈ ಲೀಕ್ ಸಿಗೋದು ಕಷ್ಟ, ಯಾಕಂದ್ರೆ ಆವಾಗ ಪೈಪಲ್ಲಿ ಒತ್ತಡನೇ ಇರಲ್ಲ. ಸಕಲೇಶಪುರದಲ್ಲಿ ಪರಿಚಯದ ವಯಸ್ಸಾದ ಮೆಕ್ಯಾನಿಕ್ ಒಬ್ರು ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ಕಂಪ್ರೆಸರಿಂದ ಕಮ್ಮಿ ಪ್ರೆಶರಲ್ಲಿ ಗಾಳಿ ಬಿಟ್ಟು, ಹೋಸ್‌ಗಳ ಮೇಲೆ ಸೋಪು ನೀರು ಹೊಡೆದ್ರು. ಟರ್ಬೊ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್‌ನ ಹೋಸಲ್ಲಿ, ಕ್ಲಾಂಪ್ ಕೂರೋ ಬಗ್ಗಿನ ಕೆಳಗಡೆ ನೊರೆ ಉಕ್ಕಿ ಬಂತು. ಮೇಲಿಂದ ನೋಡಿದ್ರೆ ಹೋಸ್ ಚೆನ್ನಾಗೇ ಇತ್ತು, ಕೆಳಗಡೆ ಕೈ ಹಾಕಿದ್ರೆ ಎಣ್ಣೆ ಜಿಡ್ಡು, ಅದಕ್ಕೆ ಕೆಂಪು ಧೂಳು ಅಂಟಿತ್ತು. ಒರೆಸಿ ಬಗ್ಗಿಸಿದಾಗ ರಬ್ಬರ್ ಒಳಗಿನ ಬಟ್ಟೆ ಕಾಣೋ ಹಾಗೆ ಒಂದು ಬೆರಳುದ್ದ ಬಾಯಿ ಬಿಡ್ತು, ಕೈ ಬಿಟ್ಟ ತಕ್ಷಣ ಮುಚ್ಕೊಳ್ತು.

ಟೇಪ್ ಸುತ್ತೋಕೆ ಹೋಗ್ಬೇಡಿ, ಆ ಬಿಸಿಗೆ, ಆ ಒತ್ತಡಕ್ಕೆ ನಿಲ್ಲಲ್ಲ. ಹೊಸ ಹೋಸ್, ಎರಡು ಕ್ಲಾಂಪ್, ಲೇಬರ್ ಎಲ್ಲಾ ಸೇರಿ ಮೊದಲ ಗ್ಯಾರೇಜಲ್ಲಿ ಟರ್ಬೊಗೆ ಹೇಳಿದ ರೇಟಿನ ಹತ್ತನೇ ಒಂದು ಭಾಗಾನೂ ಆಗ್ಲಿಲ್ಲ. ಅದೇ ರೋಡಲ್ಲಿ ಮತ್ತೆ ತುಳಿದಾಗ ಪ್ರೆಶರ್ 200 ದಾಟ್ತು, ಹೊಗೆ ಇಲ್ಲ, ಸದ್ದಿಲ್ಲ.

ಪೆಟ್ರೋಲ್ ಗಾಡಿಯವರಿಗೆ ಇದರಲ್ಲಿ ಅರ್ಧ ಅನ್ವಯಿಸಲ್ಲ, ಟರ್ಬೊ ಇಲ್ದಿದ್ರೆ ಥ್ರಾಟಲ್ ಬಾಡಿ ಕಾರ್ಬನ್, ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಕಡೆ ನೋಡಿ.

ಹೋಸ್ ಹಾಕ್ಸಿದ್ಮೇಲೆ ಅದು ಯಾಕೆ ಹರೀತು ಅಂತಲೂ ಕೇಳಿ. ಆ ಮೆಕ್ಯಾನಿಕ್ ನಂಗೆ ಹ್ಯಾಂಡ್‌ಬ್ರೇಕ್ ಹಾಕಿ ರೇಸ್ ಮಾಡಿಸಿ ಇಂಜಿನ್ ಎಷ್ಟು ಅಲ್ಲಾಡ್ತಿದೆ ಅಂತ ತೋರಿಸಿದ್ರು, ಇಂಜಿನ್‌ನ ಹಿಡಿದು ನಿಲ್ಲಿಸೋ ಮೌಂಟ್ ರಬ್ಬರ್ ಕೂತು ಹೋಗಿತ್ತು, ಇಂಜಿನ್ ಎಳೆದಾಗಲೆಲ್ಲ ಹೋಸ್ ಆ ಬಗ್ಗಿನಲ್ಲೇ ತಿರುಚ್ತಿತ್ತು. ಮೌಂಟನ್ನೂ ಅವತ್ತೇ ಬದಲಾಯಿಸಿದ್ವಿ, ಇಲ್ದಿದ್ರೆ ಹೊಸ ಹೋಸ್ ಕೂಡ ಅದೇ ಜಾಗದಲ್ಲಿ ಹರಿಯೋದು.